ಮೊದಲು ಗೊತ್ತಾದವಳೇ ಸೋಂಕು ತಂದವಳಲ್ಲ

ಕಂಬಂ ಕಣಿವೆಯ ಊರುಗಳಿಂದ ಬೆಳಕು ಹರಿಯುವ ಮೊದಲೇ ಕೂಲಿಯವರ ಜೀಪುಗಳು ಘಟ್ಟ ಹತ್ತಿ ಇಡುಕ್ಕಿಯ ಏಲಕ್ಕಿ ತೋಟಗಳಿಗೆ ಹೊರಡುತ್ತವೆ. ಆಸ್ಪತ್ರೆಯಲ್ಲಿ ಎಚ್‌ಐವಿ ಪರೀಕ್ಷೆಯ ಕೊಠಡಿ ತೆರೆಯುವ ಹೊತ್ತಿಗೆ ಇವರು ಕೇರಳದಲ್ಲಿರುತ್ತಾರೆ. ಈ ಕೊಠಡಿಗೆ ತಮಿಳುನಾಡಿನಲ್ಲಿ 'ನಂಬಿಕ್ಕೈ ಮೈಯಂ' ಎಂದು ಹೆಸರು. ನಮ್ಮ ಕಡೆ ಅದೇ ಐಸಿಟಿಸಿ. ತೇನಿ, ದಿಂಡಿಗಲ್ ಕಡೆ ಆಪ್ತಸಮಾಲೋಚಕರಾಗಿ ಹೊಸದಾಗಿ ಸೇರುವವರು ಮೊದಲು ಇದನ್ನು ತಿಳಿದಿರಬೇಕು: "ಗಂಡನನ್ನು ಕರೆದುಕೊಂಡು ಬಾ" ಎನ್ನುವುದು ನಮಗೆ ಒಂದು ಮಾತು, ಆ ಮನೆಗೆ ಒಂದು ದಿನದ ಕೂಲಿ.

ಎಚ್‌ಐವಿ ಆರೈಕೆಯಲ್ಲಿ ದಂಪತಿಯನ್ನು ಒಟ್ಟಿಗೆ ಏಕೆ ನೋಡಬೇಕು? ಗರ್ಭಿಣಿಯರಿಗೆ ಈ ಪರೀಕ್ಷೆ ವಾಡಿಕೆ. ಗಂಡನಿಗೆ ಅಂಥ ವಾಡಿಕೆಯಿಲ್ಲ. ಹೀಗಾಗಿ ಎಷ್ಟೋ ಮನೆಗಳಲ್ಲಿ ಸೋಂಕು ಮೊದಲು ಗೊತ್ತಾಗುವುದು ಹೆಂಗಸಿಗೆ, ಅಪವಾದ ಹೊರುವವಳೂ ಅವಳೇ. ಯಾರಿಗೆ ಮೊದಲು ಗೊತ್ತಾಯಿತು ಎನ್ನುವುದರಿಂದ ಯಾರಿಗೆ ಮೊದಲು ತಗಲಿತು ಎಂದು ಹೇಳಲಾಗದು. ಇದನ್ನು ಅತ್ತೆ, ಗಂಡ ಮಾತ್ರವಲ್ಲ, ನಮ್ಮ ನಡುವಿನ ಕೆಲವರೂ ಮರೆಯುತ್ತಾರೆ.

ಆದರೂ ಇಬ್ಬರನ್ನೂ ಒಮ್ಮೆಲೇ ಕೂರಿಸಿ ಫಲಿತಾಂಶ ಹೇಳಿಬಿಡಬೇಡಿ. ಮೊದಲು ಒಬ್ಬೊಬ್ಬರನ್ನೇ ಬೇರೆಯಾಗಿ ಮಾತಾಡಿಸಿ, ಮನೆಯಲ್ಲಿ ಹೊಡೆತ-ಬಡಿತ ಇದೆಯೇ ಎಂದು ಮೆಲ್ಲಗೆ ಕೇಳಿ. ಇಬ್ಬರೂ ಮನಸಾರೆ ಒಪ್ಪಿದರಷ್ಟೇ ಒಟ್ಟಿಗೆ ಕೂರಿಸಿ. 2018ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದ ಎಚ್‌ಐವಿ ಕಾಯ್ದೆ, ಸಂಗಾತಿಗೆ ನಿಜವಾದ ಅಪಾಯವಿದ್ದರೆ ವೈದ್ಯರು, ಸಮಾಲೋಚಕರು ಕೆಲವು ಷರತ್ತುಗಳ ಮೇಲೆ ವಿಷಯ ತಿಳಿಸಬಹುದು ಎನ್ನುತ್ತದೆ. ಹೆಂಗಸಿಗೆ ಹಿಂಸೆಯ ಅಥವಾ ಮನೆಯಿಂದ ಹೊರದಬ್ಬುವ ಭಯವಿದ್ದರೆ ತಿಳಿಸಬಾರದು ಎಂದೂ ಅದೇ ಕಾಯ್ದೆ ಹೇಳುತ್ತದೆ. ಓದಲು ಸುಲಭ, ಎದುರಿಗೆ ಕೂತವಳ ಮುಖ ನೋಡಿ ತೂಗುವುದು ಕಷ್ಟ. ಅನುಮಾನ ಬಂದರೆ ಹಿರಿಯ ಸಮಾಲೋಚಕರನ್ನು ಕೇಳಿ.

ಒಬ್ಬರಿಗೆ ಸೋಂಕಿದ್ದು ಇನ್ನೊಬ್ಬರಿಗೆ ಇಲ್ಲದಿರುವುದೂ ಉಂಟು. "ಇದು ಹೇಗೆ ಸಾಧ್ಯ ಮೇಡಂ?" ಎಂದು ಕೇಳುತ್ತಾರೆ. ಸಾಧ್ಯ, ಪ್ರತಿ ಸಂಪರ್ಕದಲ್ಲೂ ವೈರಸ್ ದಾಟುವುದಿಲ್ಲ. ಚೆನ್ನೈ, ಪುಣೆಯ ದಂಪತಿಗಳೂ ಭಾಗವಹಿಸಿದ್ದ ದೊಡ್ಡ ಅಧ್ಯಯನವೊಂದರ ಫಲಿತಾಂಶ 2011ರಲ್ಲಿ ಬಂತು: ಸೋಂಕಿರುವವರಿಗೆ ಬೇಗ ಚಿಕಿತ್ಸೆ ಶುರುಮಾಡಿದರೆ ಸಂಗಾತಿಗೆ ಹರಡುವುದು ಶೇ. 96ರಷ್ಟು ತಗ್ಗುತ್ತದೆ. ತಪ್ಪದೆ ಮಾತ್ರೆ ನುಂಗಿ, ರಕ್ತದಲ್ಲಿ ವೈರಸ್ ಪತ್ತೆಯಾಗದ ಮಟ್ಟಕ್ಕೆ ಇಳಿದು ಅಲ್ಲೇ ನಿಂತರೆ ಲೈಂಗಿಕ ಸಂಪರ್ಕದಿಂದ ಹರಡುವುದಿಲ್ಲ ಎಂಬುದು ಈಗ ಖಚಿತ. ಅಲ್ಲಿಯವರೆಗೆ ಕಾಂಡೋಮ್ ಬೇಕೇ ಬೇಕು. ಸೋಂಕಿಲ್ಲವೆಂದು ಬಂದವರಿಗೂ ಮೂರು ತಿಂಗಳ ಮೇಲೆ ಮತ್ತೆ ಪರೀಕ್ಷೆ ಮಾಡಿಸಿ. ಇಷ್ಟನ್ನು ಇಬ್ಬರೂ ಒಟ್ಟಿಗೆ ಕೇಳಿಸಿಕೊಂಡರೆ ಮಾತ್ರೆ ಬಚ್ಚಿಟ್ಟು ನುಂಗುವ ಪಾಡು ತಪ್ಪುತ್ತದೆ.

ಗಂಡ ಬರಲೇ ಇಲ್ಲ ಎನ್ನಿ. ಅವನಿಗಾಗಿ ಕಾಯುತ್ತಾ ಆಕೆಯ ಚಿಕಿತ್ಸೆ ತಡಮಾಡಬೇಡಿ. ಎಚ್‌ಐವಿ ಚಿಕಿತ್ಸೆಯ ಎಆರ್‌ಟಿ ಮಾತ್ರೆ ಉಚಿತ. ಆಕೆ ಗರ್ಭಿಣಿಯಾಗಿದ್ದರೆ, ಮಗುವಿಗೆ ಹುಟ್ಟಿದ ಕೂಡಲೇ ಔಷಧಿ, ಆರನೇ ವಾರಕ್ಕೆ ರಕ್ತಪರೀಕ್ಷೆ. ಇದಕ್ಕೆ ಯಾವುದಕ್ಕೂ ಗಂಡನ ಸಹಿ ಬೇಕಿಲ್ಲ.