ಹರಕೆ, ಬಿಡುವು, ಬಸ್ಸಿನ ದರ: ಪ್ರವಾಸದ ಬೇಡಿಕೆ ಕುರಿತು ಒಂದು ವಿವೇಚನೆ

ಪ್ರವಾಸದ ಆಸೆಯೇ ಪ್ರವಾಸದ ಬೇಡಿಕೆಯಲ್ಲ. ಆಸೆಗೆ ಹಣ, ಬಿಡುವು ಹಾಗೂ ಮನೆಯವರ ಸಮ್ಮತಿ ಕೂಡಿದಾಗ ಮಾತ್ರ ಅದು ಬೇಡಿಕೆಯಾಗುತ್ತದೆ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳಿ ಕಾವಲ್ ಸೀಮೆಯನ್ನೇ ಗಮನಿಸಬಹುದು. ಇಲ್ಲಿಯ ಹೆಣ್ಣುಮಕ್ಕಳು ಮನೆಗೆಲಸ ಬಿಟ್ಟು ಹೊರಡಲು ಗುಬ್ಬಿಯ ಚನ್ನಬಸವೇಶ್ವರ, ಕುಣಿಗಲ್ ತಾಲ್ಲೂಕಿನ ಯಡಿಯೂರು ಸಿದ್ಧಲಿಂಗೇಶ್ವರರ ಜಾತ್ರೆಗಳು ಒಪ್ಪಿತ ಕಾರಣಗಳು. ಹರಕೆಯು ಭಕ್ತಿಯಷ್ಟೇ ಅಲ್ಲ, ಹೊಸ್ತಿಲು ದಾಟುವ ಪರವಾನಗಿಯೂ ಹೌದು. ಆದರೆ ದೂರದ ಕ್ಷೇತ್ರಗಳಿಗೆ ಬಸ್ಸಿನ ದರವೇ ತಡೆಯಾಗಿತ್ತು. 2023ರ ಜೂನ್ 11ರಂದು ಶಕ್ತಿ ಯೋಜನೆಯು ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಉಚಿತ ಪ್ರಯಾಣ ಕಲ್ಪಿಸಿದೊಡನೆ ಧರ್ಮಸ್ಥಳ, ಕುಕ್ಕೆ ಸುಬ್ರಹ್ಮಣ್ಯಗಳಲ್ಲಿ ಅವರ ದಟ್ಟಣೆ ಹೆಚ್ಚಿತು. ಆಸೆ ಹೊಸದಾಗಿ ಹುಟ್ಟಿದ್ದಲ್ಲ, ಅಡ್ಡಿ ಸರಿಯಿತು. ಆದ್ದರಿಂದ ಪ್ರವಾಸ ಸಾಹಿತ್ಯದ ಅಧ್ಯಯನವು ಹೋಗಿಬಂದು ಬರೆದವರ ಜೊತೆಗೆ, ಹೊರಡಲಾಗದೆ ಉಳಿದವರನ್ನೂ ಒಳಗೊಳ್ಳಬೇಕಾಗಿದೆ.