ಇಂದಿನ ಧಮ್ಮ ಚಿಂತನೆ: ಕಡಲ ದಂಡೆಯ ಖಾಲಿ ಜಾಗ



ಕಳೆದ ರಜೆಯಲ್ಲಿ ಕುಮಟಾ ಕಡೆ ಕಡಲಿಗೆ ಹತ್ತಿಕೊಂಡ 5 ಗುಂಟೆ ಜಾಗ ನೋಡಲು ಹೋಗಿದ್ದೆವು. "ನಿವೃತ್ತಿಯಾದ ಮೇಲೆ ಇಲ್ಲೇ ಮನೆ ಕಟ್ಟಿ ಸರ್, ಮಕ್ಕಳು ಮೊಮ್ಮಕ್ಕಳೆಲ್ಲ ಸೇರಬಹುದು" ಎಂದರು ದಲ್ಲಾಳಿ. ಜೊತೆಗಿದ್ದ ಅವ್ವ ಮರಳಿನ ಮೇಲೆ ಕೂತು, "ಊರ ಹೊರಗಿನ ಕೇರಿಯಾಗ ಹುಟ್ಟಿ ಬೆಳದೆ. ಇಂಥಾ ಕಡೆ ನಿನ್ನ ಮನಿ ಆಗೂದು ನೋಡ್ಬೇಕು ತಮ್ಮಾ" ಎಂದಳು. ಆ ಮಾತಿಗೆ ಕರಗಿ, ಸೋಮವಾರ ಮುಂಗಡ ಕೊಡುತ್ತೇನೆಂದು ಹೇಳಿ ಬಂದೆ.

ಮನೆಯ ಆಸೆ ತಪ್ಪೇ? ಖಂಡಿತ ಅಲ್ಲ. ಬರೋಡಾದಲ್ಲಿ ತಲೆಯೂರಲು ಜಾಗ ಸಿಗದೆ ಹೊರಬಿದ್ದ ಬಾಬಾಸಾಹೇಬರು ಮುಂದೆ ದಾದರಿನಲ್ಲಿ 'ರಾಜಗೃಹ' ಕಟ್ಟಿಸಿದರು. ಅಲ್ಲಿ ತಮ್ಮ ಪುಸ್ತಕಗಳಿಗೂ ನೆಲೆ ಕೊಟ್ಟರು. ಭಗವಾನ್ ಬುದ್ಧರೂ ಗೃಹಸ್ಥರಿಗೆ ಬಡತನವನ್ನು ಬೋಧಿಸಲಿಲ್ಲ. ಅನಾಥಪಿಂಡಿಕನಿಗೆ ಅವರು ಗೃಹಸ್ಥನ ನಾಲ್ಕು ಸುಖಗಳನ್ನು ಹೇಳಿದರು. ಆ ರಾತ್ರಿ ನಮ್ಮ ಜಾಗವನ್ನು ಅವುಗಳ ಮುಂದಿಟ್ಟು ನೋಡಿದೆ.

*1. ಅತ್ಥಿಸುಖ:* ದುಡಿದು ನ್ಯಾಯವಾಗಿ ಗಳಿಸಿದ್ದು ನನ್ನದಾಗಿದೆ ಎಂಬ ಸುಖ. ಭೂಮಿಯೇ ಇಲ್ಲದ ಮನೆತನಕ್ಕೆ ಪಹಣಿಯಲ್ಲಿ ಹೆಸರು ಬರುವುದು ಸಣ್ಣ ಮಾತಲ್ಲ.

*2. ಭೋಗಸುಖ:* ಗಳಿಸಿದ್ದನ್ನು ಬಳಸುವ, ದಾನ ಮಾಡುವ ಸುಖ. ಆದರೆ ಅಲ್ಲಿ ಮನೆ ಕಟ್ಟಲಾದೀತೇ? 1991ರಿಂದ ಕರಾವಳಿ ನಿಯಂತ್ರಣ ವಲಯದ ನಿಯಮಗಳಿವೆ. ಜನವಸತಿ ವಿರಳವಾದ ಹಳ್ಳಿಗಳ ದಂಡೆಯಲ್ಲಿ ಉಬ್ಬರದ ಗೆರೆಯಿಂದ 200 ಮೀಟರ್ ಒಳಗೆ ಹೊಸ ಮನೆಗೆ ಅವಕಾಶವಿಲ್ಲ. ನಾವು ನೋಡಿದ ಜಾಗ ನೀರಿನಿಂದ ನೂರು ಹೆಜ್ಜೆಯೂ ಇರಲಿಲ್ಲ. ಅದು ಯಾಕೆ ಖಾಲಿ ಉಳಿದಿದೆ ಎಂದು ನಾನು ಕೇಳಲೇ ಇಲ್ಲ! ಉಳ್ಳಾಲದಲ್ಲಿ ಕಡಲ್ಕೊರೆತಕ್ಕೆ ಮನೆಗಳೇ ಹೋಗಿವೆ. ಅನಿತ್ಯವನ್ನು ಬಾಯಲ್ಲಿ ಹೇಳುವ ನಾನು ಅಲ್ಲಿ ಕಣ್ಣಾರೆ ಕಾಣಲಿಲ್ಲ.

*3. ಅನಣಸುಖ:* ಸಾಲವಿಲ್ಲದ ಸುಖ. ಇದನ್ನು ಕೊಂಡರೆ ನಿವೃತ್ತಿಯವರೆಗೂ ಕಂತು. ಮಗಳ ಓದಿಗೆ ಏನು ಉಳಿದೀತು?

*4. ಅನವಜ್ಜಸುಖ:* ನಡೆ, ನುಡಿ, ಮನಸ್ಸಿನಲ್ಲಿ ದೋಷವಿಲ್ಲದ ಸುಖ. ಮೊದಲ ಮೂರೂ ಇದರ ಹದಿನಾರನೆಯ ಒಂದು ಪಾಲಿಗೆ ಸಮನಲ್ಲ ಎಂದರು ಬುದ್ಧರು. ಆ ಜಾಗದ ನಡುವೆ ಒಂದು ಕಾಲುದಾರಿ ಇತ್ತು. ಮೀನುಗಾರ ಹೆಂಗಸರು ಬುಟ್ಟಿ ಹೊತ್ತು ಅದರಲ್ಲೇ ಓಡಾಡುತ್ತಿದ್ದರು. "ಬೇಲಿ ಹಾಕಿದರೆ ತಾನಾಗಿ ನಿಲ್ಲುತ್ತಾರೆ" ಎಂದಿದ್ದರು ದಲ್ಲಾಳಿ. 1927ರಲ್ಲಿ ಮಹಾಡದ ಚೌದಾರ್ ಕೆರೆಗೆ ಬಾಬಾಸಾಹೇಬರ ಹಿಂದೆ ನಡೆದ ಜನರ ಮಕ್ಕಳು ನಾವು. ಇನ್ನೊಬ್ಬರ ದಾರಿಗೆ ನಾವೇ ಬೇಲಿ ಹಾಕುವುದೇ?

ಮುಂಗಡ ಕೊಡಲಿಲ್ಲ. ಅವ್ವನಿಗೆ ಹೇಗೆ ಹೇಳುವುದೆಂದು ಎರಡು ದಿನ ತಡವರಿಸಿದೆ. ಕೇಳಿಸಿಕೊಂಡವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ದಾರಿ ಮುಚ್ಚಿದ ಮನಿ ನನಗ ಬ್ಯಾಡ. ಊರಾಗ ಸಣ್ಣದೊಂದು ನೋಡು" ಎಂದಳು.

ಬಂಧುಗಳೇ, ಮನೆ ಕಟ್ಟೋಣ, ಜಾಗ ಕೊಳ್ಳೋಣ. ಮುಂಗಡ ಕೊಡುವ ಮುನ್ನ ಈ ನಾಲ್ಕನ್ನೂ ಮನೆಯವರೆಲ್ಲ ಕೂತು ಒಮ್ಮೆ ಕೇಳಿಕೊಳ್ಳೋಣ. ನಾಲ್ಕನೆಯದನ್ನು ಮೊದಲು ಕೇಳೋಣ.

ಎಲ್ಲರಿಗೂ ಮಂಗಳವಾಗಲಿ. ಜೈಭೀಮ್. 🙏