ಅಂತರಿಕ್ಷದಲ್ಲಿ ಅಲಸಂದೆ: ಬೇರಿಗೆ ಬೇಕಾದ ಹದ

ಮೈಸೂರು ಸುತ್ತಿನ ಖುಷ್ಕಿ ಬೇಸಾಯಗಾರರಿಗೆ ಅಲಸಂದೆ ಹೊಸ ಬೆಳೆಯಲ್ಲ. ಮುಂಗಾರಿಗೆ ಮೊದಲು ಬೀಳುವ ಮಳೆಗೆ ನೆಲ ಹದವಾಯಿತೆಂದರೆ ಬಿತ್ತನೆ ನಡೆಯುತ್ತದೆ. ಇದೇ ಅಲಸಂದೆಯ 8 ಬೀಜಗಳನ್ನು ಇಸ್ರೋ ಸಂಸ್ಥೆಯು 2024ರ ಡಿಸೆಂಬರ್ 30ರಂದು ಪಿ.ಎಸ್.ಎಲ್.ವಿ. ಸಿ-60 ರಾಕೆಟ್ಟಿನ ಮೂಲಕ ಅಂತರಿಕ್ಷಕ್ಕೆ ಕಳುಹಿಸಿತು. ಅವು ನಾಲ್ಕು ದಿನಗಳಲ್ಲಿ ಮೊಳೆತು, ಬಳಿಕ ಎಲೆ ಬಿಟ್ಟವು. ನೆಲವೇ ಇಲ್ಲದ ಕಡೆ ಬೀಜ ಮೊಳೆಯಿಸುವ ಈ ಪ್ರಯತ್ನವೇಕೆ, ಇದರಿಂದ ಹೊಲದಲ್ಲಿ ದುಡಿಯುವವನು ತಿಳಿಯುವುದೇನು ಎಂಬುದನ್ನು ಇಲ್ಲಿ ವಿವರಿಸಿದೆ.

ಅಗತ್ಯವೇನು?

ಅಂತರಿಕ್ಷ ಯಾತ್ರಿಕರ ಆಹಾರಕ್ಕೂ ಮೈಸೂರಿಗೂ ಹಳೆಯ ನಂಟಿದೆ. ಇಲ್ಲಿನ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯವು 1984ರಲ್ಲಿ ರಾಕೇಶ್ ಶರ್ಮಾ ಅವರ ಯಾತ್ರೆಗೆ ಆಹಾರ ಸಿದ್ಧಪಡಿಸಿತ್ತು. ಗಗನಯಾನಕ್ಕೂ ಅಲ್ಲಿಯೇ ಆಹಾರ ರೂಪಿಸಲಾಗಿದೆ. ಕೆಲವು ದಿನಗಳ ಯಾತ್ರೆಗೆ ಇಂತಹ ಕಟ್ಟಿದ ಬುತ್ತಿ ಸಾಕು. ಆದರೆ ಮಂಗಳ ಗ್ರಹಕ್ಕೆ ಹೋಗಿಬರಲು ಸುಮಾರು ಮೂರು ವರ್ಷ ಬೇಕಾಗುತ್ತದೆ. ಅಷ್ಟು ಕಾಲ ಇಟ್ಟ ಆಹಾರ ಕೆಡದಿದ್ದರೂ ಅದರಲ್ಲಿನ 'ಸಿ' ಜೀವಸತ್ವ ಹಾಗೂ ಥಯಾಮಿನ್ ಕ್ರಮೇಣ ಕ್ಷೀಣಿಸುತ್ತವೆ. ಈ ಕೊರತೆಯನ್ನು ತುಂಬಲು ಹಸಿ ಸೊಪ್ಪು, ಮೊಳಕೆ ಕಾಳುಗಳು ಬೇಕು. ಈ ದಿಸೆಯಲ್ಲಿ 2025ರಲ್ಲಿ ಶುಭಾಂಶು ಶುಕ್ಲಾ ಅವರು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿದ್ದಾಗ, ಧಾರವಾಡದ ಕೃಷಿ ವಿಶ್ವವಿದ್ಯಾನಿಲಯದ ಪ್ರಯೋಗದಂತೆ ಹೆಸರು ಮತ್ತು ಮೆಂತ್ಯದ ಕಾಳುಗಳನ್ನು ಮೊಳಕೆ ಬರಿಸಿದರು.

ಬೆಳೆಸಿದ ಕ್ರಮ

ಅಲಸಂದೆ ಬೆಳೆದದ್ದು ಮುಚ್ಚಿದ ಒಂದು ಪುಟ್ಟ ಪೆಟ್ಟಿಗೆಯಲ್ಲಿ. ಮಣ್ಣಿನ ಬದಲು ಸಣ್ಣ ರಂಧ್ರಗಳುಳ್ಳ ಜೇಡಿಯ ಹರಳುಗಳನ್ನು ತುಂಬಿ, ನಿಧಾನವಾಗಿ ಕರಗುವ ಗೊಬ್ಬರವನ್ನು ಮೊದಲೇ ಬೆರೆಸಲಾಗಿತ್ತು. ಭೂಮಿಯಿಂದ ಆಜ್ಞೆ ಹೋದೊಡನೆ ನೀರು ಒಳಸೇರುವ ಏರ್ಪಾಡಿತ್ತು. ಬಿಸಿಲಿನ ಬದಲು ಎಲ್.ಇ.ಡಿ. ದೀಪಗಳು, 16 ಗಂಟೆ ಬೆಳಕು, 8 ಗಂಟೆ ಕತ್ತಲು. ಉಷ್ಣತೆಯನ್ನು 20ರಿಂದ 30 ಡಿಗ್ರಿ ಸೆಲ್ಸಿಯಸ್ ಒಳಗೆ ಕಾಪಾಡುವ ವ್ಯವಸ್ಥೆಯಿತ್ತು.

ನೀರಿನ ತೊಡಕು

ಹೊಲದಲ್ಲಿ ಹೆಚ್ಚಾದ ನೀರು ತನ್ನ ಭಾರದಿಂದ ಕೆಳಗೆ ಬಸಿಯುತ್ತದೆ; ಅದು ಬಿಟ್ಟ ಜಾಗಕ್ಕೆ ಗಾಳಿ ಸೇರುತ್ತದೆ. ಕಕ್ಷೆಯಲ್ಲಿ ಸುತ್ತುವ ನೌಕೆಯಲ್ಲಿ ಭಾರದ ಅನುಭವವಿಲ್ಲದ ಕಾರಣ ನೀರು ಬಸಿಯುವುದಿಲ್ಲ. ಹರಳಿಗೂ ಬೇರಿಗೂ ಅಂಟಿಕೊಂಡು ಪೊರೆಯಂತೆ ಆವರಿಸುತ್ತದೆ. ಬೇರಿಗೆ ನೀರಿದ್ದೂ ಉಸಿರಿಲ್ಲದಂತಾಗುತ್ತದೆ. ಬಿಸಿ ಗಾಳಿಯೂ ತಾನಾಗಿ ಮೇಲೇಳದು. ಎಲೆಯಿಂದ ಹೊರಟ ಆವಿ ಎಲೆಯ ಸುತ್ತಲೇ ನಿಲ್ಲುತ್ತದೆ. ಆದುದರಿಂದ ಬೀಸಣಿಗೆ ಅತ್ಯಗತ್ಯ. 2015ರ ಕೊನೆಯಲ್ಲಿ ನಿಲ್ದಾಣದಲ್ಲಿ ಬೆಳೆದ ಜಿನಿಯಾ ಹೂಗಿಡಗಳಿಗೆ ತೇವ ಹೆಚ್ಚಾಗಿ ಬೂಷ್ಟು ಹಿಡಿದು ಕೆಲವು ಸತ್ತವು. ಗಾಳಿಯ ಓಟ ಹೆಚ್ಚಿಸಿದ ಮೇಲೆ ಉಳಿದವು ಚೇತರಿಸಿಕೊಂಡು 2016ರ ಜನವರಿಯಲ್ಲಿ ಹೂಬಿಟ್ಟವು.

ಹೊಲಕ್ಕೆ ಪಾಠ

ಮಳೆ ನೀರು ನಿಂತ ಹೊಲದ ಅಲಸಂದೆಗೂ ಇದೇ ಗತಿ. ಹಳದಿಯಾದ ಗಿಡ ಕಂಡು ಗೊಬ್ಬರ ಸಾಲದೆಂದು ಯೂರಿಯಾ ಎರಚುವವರುಂಟು. ಗಿಡದ ಕೊರತೆ ಗೊಬ್ಬರದ್ದೋ ಗಾಳಿಯದ್ದೋ ಎಂಬುದನ್ನು ಬೇರು ಕಿತ್ತು ನೋಡಿ ಮೊದಲು ತಿಳಿಯಬೇಕು. ಬೇರು ಕಂದಾಗಿ ಮೆತ್ತಗಾಗಿದ್ದರೆ ನೀರು ಬಸಿಯುವ ದಾರಿ ಮಾಡಬೇಕೇ ಹೊರತು ಚೀಲ ಬಿಚ್ಚುವುದರಿಂದ ಪ್ರಯೋಜನವಿಲ್ಲ. ಬೇರುಗಂಟಿನ ರೈಜೋಬಿಯಂ ಜೀವಾಣುಗಳ ಕೆಲಸಕ್ಕೂ ಮಣ್ಣಿನಲ್ಲಿ ಗಾಳಿಯಾಡಬೇಕು. ಆದುದರಿಂದ:

1. ತಗ್ಗು ಜಮೀನಿನಲ್ಲಿ ಬಿತ್ತನೆಗೆ ಮುಂಚೆಯೇ ಬಸಿಗಾಲುವೆ ತೆಗೆಯಬೇಕು.
2. ಮಣ್ಣು ಕೆಸರಾಗಿರುವಾಗ ಉಳುವುದಾಗಲಿ ಬಿತ್ತುವುದಾಗಲಿ ಸಲ್ಲದು. ಹದ ಬರುವವರೆಗೆ ತಡೆಯಬೇಕು.
3. ಕೊಟ್ಟಿಗೆ ಗೊಬ್ಬರ ಸೇರಿಸಿ ಮಣ್ಣನ್ನು ಸಡಿಲಗೊಳಿಸಬೇಕು.
4. ಬೀಜವನ್ನು ರೈಜೋಬಿಯಂನಿಂದ ಉಪಚರಿಸಿ, ನೆರಳಿನಲ್ಲಿ ಆರಿಸಿ ಬಿತ್ತಬೇಕು.

ಗ್ರಾಮ ಸೇವಕರು ಇದನ್ನು ಶಾಲೆಯ ಅಂಗಳದಲ್ಲೇ ತೋರಿಸಬಹುದು. ಎರಡು ಡಬ್ಬಿಗಳಲ್ಲಿ ಒಂದೇ ಮಣ್ಣು ತುಂಬಿ, ಒಂದರ ತಳಕ್ಕೆ ಮಾತ್ರ ತೂತು ಹೊಡೆದು, ಎರಡರಲ್ಲೂ ಎಂಟೆಂಟು ಅಲಸಂದೆ ಬಿತ್ತಬೇಕು. ಎರಡಕ್ಕೂ ದಿನವೂ ಸಮನಾಗಿ, ಸ್ವಲ್ಪ ಧಾರಾಳವಾಗಿಯೇ ನೀರು ಹಾಕಬೇಕು. ಹನ್ನೆರಡು ದಿನಗಳ ಮೇಲೆ ಬೇರು ತೊಳೆದು ಹೋಲಿಸಿದರೆ ಬೇರೆ ವಿವರಣೆ ಬೇಕಾಗುವುದಿಲ್ಲ.

ಅಂತರಿಕ್ಷದಲ್ಲಿ ಎರಡೆಲೆ ಮೂಡಿದ ಮಾತ್ರಕ್ಕೆ ಅಲ್ಲಿ ಬೆಳೆ ತೆಗೆದಂತಾಗಲಿಲ್ಲ. ಹೂವು, ಕಾಯಿ, ಮತ್ತೆ ಬಿತ್ತನೆ ಬೀಜ ಎಲ್ಲವೂ ಮುಂದಿವೆ. ಸದ್ಯಕ್ಕೆ ಯಾತ್ರಿಕರ ಹೊಟ್ಟೆ ತುಂಬಿಸುವುದು ಭೂಮಿಯ ಧಾನ್ಯವೇ. ಅಲ್ಲಿ ವಿಜ್ಞಾನಿಗಳು ಯಂತ್ರಗಳಿಂದ ಕಷ್ಟಪಟ್ಟು ಒದಗಿಸುವ ನೀರು-ಗಾಳಿಯ ಹದವನ್ನು ಇಲ್ಲಿ ಬದು, ಬಸಿಗಾಲುವೆ, ಕೊಟ್ಟಿಗೆ ಗೊಬ್ಬರಗಳಿಂದ ಪಡೆಯಬಹುದು. ಅದನ್ನು ಕೆಡದಂತೆ ಕಾಯುವುದೇ ಬೇಸಾಯದ ಮೊದಲ ಕೆಲಸ.